ಚಿತ್ರದ ಮನೆ, ಚಳ್ಳಕೆರೆಯ ಬಿಸಿಲು

ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಆದರೆ ಇಂತಹ ಊರುಗಳಲ್ಲಿ ಮನೆ ಕಟ್ಟಿಸಲು ಹೊರಟವರ ಕೈಸೇರುವ ‘ತ್ರೀಡಿ ಎಲಿವೇಷನ್’ ಚಿತ್ರಗಳಲ್ಲಿ ಹುಲ್ಲುಹಾಸು, ಮಳೆಗೆ ತೊಯ್ದ ರಸ್ತೆ, ಸಂಜೆಯ ಹೊಂಬಿಸಿಲು ಕಾಣುವುದು ಸಾಮಾನ್ಯ. ಕಟ್ಟಡ ಏಳುವ ಮೊದಲೇ ಅದರ ಛಾಯಾಚಿತ್ರ ತೆಗೆದಂತೆ ತೋರುವ ನೈಜ ಶೈಲಿ ಒಂದೆಡೆ. ರೇಖೆ, ಜಲವರ್ಣಗಳಲ್ಲಿ ಆಶಯವನ್ನಷ್ಟೇ ಸೂಚಿಸುವ ಶೈಲೀಕೃತ ಚಿತ್ರಣ ಇನ್ನೊಂದೆಡೆ. ಇವುಗಳಲ್ಲಿ ಯಾವುದು ಮೇಲೆಂಬುದು ವಾಸ್ತುಶಿಲ್ಪಿಗಳ ಅಭಿರುಚಿಯ ಪ್ರಶ್ನೆ ಮಾತ್ರವಲ್ಲ. ಚಿತ್ರ ನೋಡಿ ಸಾಲ ಮಾಡುವವರ ಪ್ರಶ್ನೆಯೂ ಹೌದು.

ನೈಜವಾಗಿ ಕಾಣುವುದೆಲ್ಲ ನಿಜವಲ್ಲ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದ ಈ ಭಾಗದಲ್ಲಿ ಏಪ್ರಿಲ್ ಕೊನೆಗೆ ಹಾಗೂ ಆಗಸ್ಟ್ ಮಧ್ಯಕ್ಕೆ ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ತಾರಸಿ ಕಾದ ಹೆಂಚಾಗುತ್ತದೆ. ಊರು, ದಿನಾಂಕ, ವೇಳೆ ನಮೂದಿಸಿದರೆ ಬಿಸಿಲು ಬೀಳುವ ಬಗೆಯನ್ನು ಲೆಕ್ಕಹಾಕಿ ತೋರಿಸುವ ತಂತ್ರಾಂಶಗಳಿವೆ. ಸಂಜೆಯ ಬೆಳಕನ್ನೇ ಆರಿಸಿಕೊಂಡರೆ ಅವೇ ತಂತ್ರಾಂಶಗಳು ಈ ಸತ್ಯವನ್ನು ಮರೆಮಾಚುತ್ತವೆ. ಬೇವು, ಹೊಂಗೆ ಬೆಳೆಯುವ ನೆಲದಲ್ಲಿ ಎಲ್ಲಿಯದೋ ಸಿದ್ಧ ಮರಗಳು ತಲೆಯೆತ್ತುತ್ತವೆ. ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಅಳತೆಯ ಹಂಗೇ ಇಲ್ಲದ ಚಿತ್ರಗಳು ಕ್ಷಣಾರ್ಧದಲ್ಲಿ ಸಿದ್ಧವಾಗುತ್ತಿವೆ.

ಹಾಗೆಂದು ಶೈಲೀಕೃತ ಚಿತ್ರಣವೂ ನಿರ್ದೋಷಿಯಲ್ಲ. ಅದು ಬೇಡದ್ದನ್ನು ಬಿಳಿಯಾಗಿ ಬಿಟ್ಟುಬಿಡಬಲ್ಲದು. ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲುಗಳ ಸಾವಿರಾರು ಎಕರೆಯನ್ನು ಡಿಆರ್‌ಡಿಒ, ಇಸ್ರೊ, ಬಾರ್ಕ್ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗೆ ನೀಡಿದ ವಿವಾದ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿತ್ತು. ದನಕುರಿ ಮೇಯುವ ಇಂತಹ ಹುಲ್ಲುಗಾವಲು ನಕ್ಷೆಯ ಮೇಲೆ ಖಾಲಿ ಜಾಗವಾಗಿ ತೋರಿದರೆ, ಅದನ್ನು ನೆಚ್ಚಿದವರ ಬದುಕು ಚಿತ್ರದೊಳಗೆ ಬರುವುದೇ ಇಲ್ಲ.

ಉತ್ತರ ಮೊಳಕಾಲ್ಮುರಿನ ರೇಷ್ಮೆ ಸೀರೆಯಲ್ಲಿದೆ. ವಿನ್ಯಾಸವನ್ನು ಮೊದಲು ಬರೆಯುವುದು ಚೌಕುಳಿ ಕಾಗದದ ಮೇಲೆ. ಅದು ಸೀರೆಯಂತೆ ಕಾಣುವುದಿಲ್ಲ. ಆದರೆ ಎಳೆಯೆಳೆಯ ಲೆಕ್ಕವೂ ಅದರಲ್ಲಿರುತ್ತದೆ. ಚಿತ್ರದ ಪ್ರಾಮಾಣಿಕತೆ ಹೊಳಪಿನಲ್ಲಿಲ್ಲ, ಲೆಕ್ಕದಲ್ಲಿದೆ.

2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಕಲಂ ಪ್ರಕಾರ, ಜಾಹೀರಾತಿನ ಸುಳ್ಳು ಮಾಹಿತಿಯನ್ನು ನಂಬಿ ಮುಂಗಡ ಕೊಟ್ಟು ನಷ್ಟ ಅನುಭವಿಸಿದವರಿಗೆ ಪ್ರವರ್ತಕರು ಪರಿಹಾರ ನೀಡಬೇಕು. ಸ್ವಂತ ನಿವೇಶನದಲ್ಲಿ ಮೇಸ್ತ್ರಿಯಿಂದ ಮನೆ ಕಟ್ಟಿಸುವವರಿಗೆ ಈ ಆಸರೆಯಿಲ್ಲ. ಆದ್ದರಿಂದ ಯೋಚನೆಯ ಹಂತದಲ್ಲಿ ರೇಖಾಚಿತ್ರವೇ ಲೇಸು. ತಿದ್ದಲು, ಪ್ರಶ್ನಿಸಲು ಅದು ಅವಕಾಶ ಕೊಡುತ್ತದೆ. ಸಾಮಗ್ರಿ, ವೆಚ್ಚಗಳು ನಿರ್ಧಾರವಾದ ಮೇಲೆ ನೈಜ ಚಿತ್ರ ಬರಲಿ. ಅದರ ಅಂಚಿನಲ್ಲಿ ಬಿಸಿಲಿನ ದಿನಾಂಕ, ವೇಳೆ, ಮರಗಳ ವಯಸ್ಸು, ಕರಾರಿನಲ್ಲಿಲ್ಲದ ವಸ್ತುಗಳ ಪಟ್ಟಿ ಇರಲಿ. ಏಪ್ರಿಲ್ ತಿಂಗಳ ಮಧ್ಯಾಹ್ನದ ಒಂದು ಚಿತ್ರವನ್ನು ಕೇಳಿ ಪಡೆಯುವುದು ಮನೆಯ ಯಜಮಾನನ ಹಕ್ಕೆಂದೇ ಭಾವಿಸಬೇಕು.