ಅದು ದೆವ್ವದ ಜಾಗವಲ್ಲ, ಹಾಡಿಯ ಜಾಗ

ಕಳೆದ ಮಳೆಗಾಲದಲ್ಲಿ ನಮ್ಮ ಮೊಬೈಲಿಗೆ ಒಂದು ವಿಡಿಯೋ ಬಂತು. ಇಂಥದ್ದು ನಿಮಗೂ ಬಂದಿರುತ್ತದೆ. ‘ನಾಗರಹೊಳೆಯ ದೆವ್ವದ ಊರು, ಗುಂಡಿಗೆ ಗಟ್ಟಿ ಇದ್ದವರು ಮಾತ್ರ ನೋಡಿ’ ಅಂತ ಮೇಲೆ ಬರೆದಿತ್ತು. ಟಾರ್ಚ್ ಬೆಳಕು ಅತ್ತಿತ್ತ ಓಡುತ್ತದೆ. ಕುಸಿದ ಮಣ್ಣಿನ ಗೋಡೆ, ಒಂದು ಹಲಸಿನ ಮರ, ಪೊದೆಯ ನಡುವೆ ನೆಟ್ಟ ನಾಲ್ಕು ಕಲ್ಲು. ಹಿಂದೆ ಗೂಬೆ ಕೂಗು, ಹೆಂಗಸಿನ ಅಳು. ಆ ಸದ್ದು ಯಾವುದೋ ಸಿನಿಮಾದಿಂದ ತೆಗೆದು ಸೇರಿಸಿದ್ದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಕೊನೆಗೆ ಆ ಹುಡುಗ ಪಿಸುಗುಟ್ಟುತ್ತಾನೆ: ‘ಇಲ್ಲಿದ್ದ ಜನ ಒಂದೇ ರಾತ್ರೀಲಿ ಮಾಯ ಆದ್ರಂತೆ ಫ್ರೆಂಡ್ಸ್. ಎಲ್ಲಿ ಹೋದ್ರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.’

ಯಾರಿಗೆ ಗೊತ್ತಿಲ್ಲ? ಹುಣಸೂರು ತಾಲ್ಲೂಕಿನ ನಾಗಾಪುರ ಪುನರ್ವಸತಿ ಕೇಂದ್ರಕ್ಕೆ ಹೋಗಿ ಕೇಳಿ. ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ ಕೇಳಿ. ಹೈಕೋರ್ಟ್ ಸೂಚನೆಯಂತೆ ನೇಮಕವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೊರಗೆ ಬಿದ್ದ ಆದಿವಾಸಿ ಕುಟುಂಬಗಳು 3,418 ಎಂದು ಅದರಲ್ಲಿದೆ. ಮಾಯವಾದವರಿಗೆ ಯಾರೂ ಲೆಕ್ಕ ಇಡುವುದಿಲ್ಲ. ಇವರ ಲೆಕ್ಕ ಇದೆ.

ನಾವು ಇಷ್ಟು ಸಿಟ್ಟು ಮಾಡಿಕೊಳ್ಳುವುದಕ್ಕೆ ಒಂದು ಕಾರಣ ನಮ್ಮದೇ ತಪ್ಪು. ಪತ್ರಿಕೋದ್ಯಮ ಓದುವಾಗ ಕಾಲೇಜಿನ ಪ್ರಾಯೋಗಿಕ ಪತ್ರಿಕೆಗೆ ನಾವೂ ಇಂಥದ್ದೇ ಒಂದು ಬರೆದಿದ್ದೆವು. ಕಾಡಂಚಿನ ಊರು, ಕೊಳ್ಳಿದೆವ್ವ, ಹುಣಸೆಮರದ ಮೋಹಿನಿ, ಎಲ್ಲ ಹಾಕಿ ಒಂದು ಪುಟ ತುಂಬಿಸಿದೆವು. ಮೇಷ್ಟ್ರು ಭಾಷೆ ಚೆನ್ನಾಗಿದೆ ಅಂದರು. ಆ ಪುಟದಲ್ಲಿ ಅಲ್ಲಿ ಬದುಕಿದ್ದ ಒಬ್ಬ ಮನುಷ್ಯನ ಮಾತೂ ಇರಲಿಲ್ಲ.

ದೆವ್ವದ ಕತೆಯ ಮೇಲೆ ನಮಗೆ ಜಗಳವಿಲ್ಲ. ಅಜ್ಜಿ ಹೇಳಿದ ಕೊಳ್ಳಿದೆವ್ವದ ಕತೆಗೆ ಹೆದರಿ ಹೊದಿಕೆ ಎಳೆದುಕೊಂಡವರೇ ನಾವೆಲ್ಲ. ಆ ಕತೆಗಳಿಗೆ ಕೆಲಸವೂ ಇತ್ತು. ಕತ್ತಲಾದ ಮೇಲೆ ಬಿದಿರು ಮೆಳೆ ಕಡೆ ಹೋಗಬೇಡ, ಅಲ್ಲಿ ಮೋಹಿನಿ ಇದ್ದಾಳೆ ಎಂದರೆ ಹುಡುಗರು ಹೋಗುತ್ತಿರಲಿಲ್ಲ. ಆನೆ ಬರುವುದೂ ಅದೇ ಹೊತ್ತಿಗೆ, ಅದೇ ಮೆಳೆಗೆ. ಹೇಳುವವಳೂ ಆ ಊರಿನವಳು, ಕೇಳುವವರೂ ಆ ಊರಿನವರು. ಈಗಿನ ಕತೆಯಲ್ಲಿ ಹೇಳುವವನು ಬೆಂಗಳೂರಿನಿಂದ ಬಂದವನು, ಕೇಳುವವನು ರೆಸಾರ್ಟಿನ ಬೆಂಕಿ ಮುಂದೆ ಕೂತ ಗಿರಾಕಿ. ಊರಿನವನು ದೆವ್ವದ ಪಾತ್ರಕ್ಕೆ ಮಾತ್ರ ಬೇಕು.

ಇನ್ನೊಂದು ವಿಷಯ. ಮೈಸೂರು–ಮಾನಂದವಾಡಿ ರಸ್ತೆ ನಾಗರಹೊಳೆ ಕಾಡಿನೊಳಗೆ ಹೋಗುತ್ತದಲ್ಲ, ಅದನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಹಾಡಿಯವನು ಗೆಣಸು ಕೀಳಲು ಹೋದರೂ ಕಾವಲುಗಾರ ಕೇಳುತ್ತಾನೆ, ಎಲ್ಲಿಗೆ, ಯಾಕೆ. ಈ ಹುಡುಗರು ಟಾರ್ಚ್ ಹಿಡಿದು ಒಳಗೆ ಹೋಗಿದ್ದು ಹೇಗೆ? ಹಗಲಲ್ಲೇ ತೆಗೆದು ಮೊಬೈಲಿನಲ್ಲಿ ಕತ್ತಲು ಮಾಡಿದರೋ, ಯಾರಾದರೂ ಗೇಟು ತೆಗೆದರೋ, ಅವರೇ ಹೇಳಬೇಕು.

ಈ ಕಾಡಿನ ಚರಿತ್ರೆ ಹೇಳುವಾಗಲೂ ಇದೇ ಆಟ. ಯಾವ ಸಫಾರಿ ಫಲಕ ನೋಡಿದರೂ ಶುರುವಾಗುವುದು ಮಹಾರಾಜರಿಂದ. ಮೈಸೂರು ಅರಸರ ಬೇಟೆಕಾಡು, ಆಮೇಲೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆ, 643 ಚದರ ಕಿಲೋಮೀಟರ್. ಎಲ್ಲ ಸರಿಯೇ. ಆದರೆ ಬೇಟೆಗೆ ಬಂದ ಅರಸರಿಗೆ ದಾರಿ ತೋರಿಸಿದವರು ಯಾರು?

ಖೆಡ್ಡಾ ತೆಗೆದುಕೊಳ್ಳಿ. 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಶುರುಮಾಡಿದ. ಆಮೇಲೆ ಕಾಕನಕೋಟೆಯ ಖೆಡ್ಡಾ ದೇಶವಿದೇಶದಲ್ಲಿ ಹೆಸರಾಯಿತು. ತಮಟೆ, ಬೆಂಕಿ, ಕೂಗು ಎಲ್ಲ ಸೇರಿಸಿ ಆನೆ ಹಿಂಡನ್ನು ಕಬಿನಿ ಹೊಳೆಗೆ ಇಳಿಸಿ, ಈಚೆ ದಡದ ಮರದ ಕೋಟೆಯೊಳಗೆ ನೂಕುತ್ತಿದ್ದರು. ದೊಡ್ಡ ದೊಡ್ಡ ಅತಿಥಿಗಳು ಅಟ್ಟಣೆಯಲ್ಲಿ ಕೂತು ನೋಡಿದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಟ್ಟಣೆಯ ಮೇಲೆ ಕೂತವರ ಹೆಸರು ಪುಸ್ತಕದಲ್ಲಿದೆ. ಆನೆಯ ಹೆಜ್ಜೆ ನೋಡಿ ಹಿಂಡು ಎಷ್ಟು ದೂರದಲ್ಲಿದೆ ಎಂದು ಹೇಳುತ್ತಿದ್ದ, ಸೆರೆ ಸಿಕ್ಕ ಆನೆಯ ಕಾಲಿಗೆ ಹಗ್ಗ ಹಾಕುತ್ತಿದ್ದ ಕುರುಬರ ಹೆಸರು? ಇವತ್ತು ದಸರೆಗೆ ಗಜಪಯಣ ವೀರನಹೊಸಹಳ್ಳಿಯಿಂದ ಹೊರಡುತ್ತದೆ. ಬಳ್ಳೆ, ಮತ್ತಿಗೋಡು ಶಿಬಿರಗಳ ಮಾವುತ, ಕಾವಾಡಿಗಳಲ್ಲಿ ಎಷ್ಟು ಜನ ಜೇನು ಕುರುಬರು ಎಂದು ಒಮ್ಮೆ ವಿಚಾರಿಸಿ ನೋಡಿ.

ಕಾಕನಕೋಟೆ ಎಂಬ ಹೆಸರಲ್ಲೇ ಒಬ್ಬ ಮನುಷ್ಯ ಇದ್ದಾನೆ. ಕಾಡು ಕುರುಬರ ಹಿರಿಯ ಕಾಕನ ಮೇಲೆ ಮಾಸ್ತಿಯವರು ನಾಟಕ ಬರೆದರು. 1977ರಲ್ಲಿ ಸಿ.ಆರ್. ಸಿಂಹ ಅದನ್ನೇ ಸಿನಿಮಾ ಮಾಡಿದರು. ನಾಡೆಲ್ಲ ಅದರ ಹಾಡು ಕಲಿತಿತು. ಆ ಸಿನಿಮಾ ಬರುವುದಕ್ಕೆ ಮೂರು ವರ್ಷ ಮುಂಚೆ, 1974ರಲ್ಲಿ, ಕಬಿನಿ ಅಣೆಕಟ್ಟು ಮುಗಿದು ಹೆಗ್ಗಡದೇವನಕೋಟೆ ಕಡೆಯ ಊರುಗಳು, ಕಾಡು ಎಲ್ಲ ನೀರಿಗೆ ಹೋಗಿದ್ದವು. ಈಗ ಆ ಹಿನ್ನೀರಿನಲ್ಲಿ ದೋಣಿ ಸಫಾರಿ. ನೀರಿನಿಂದ ಎದ್ದು ನಿಂತ ಒಣ ಮರಗಳ ಫೋಟೋ ತೆಗೆದು ‘ಎಷ್ಟು ಹಾಂಟೆಡ್ ಆಗಿದೆ’ ಅಂತ ಬರೆದುಕೊಳ್ಳುತ್ತಾರೆ. ಅದು ಅಣೆಕಟ್ಟು, ಸ್ವಾಮಿ.

ಹಾಡಿಯವರ ಕತೆಯನ್ನು ಹೇಗೆ ಕೆಡಿಸುತ್ತಾರೆ ಎಂಬುದಕ್ಕೆ ಕುಂಡೆ ಹಬ್ಬ ನೋಡಿದರೆ ಸಾಕು. ಮೇ ತಿಂಗಳಲ್ಲಿ ಕೊಡಗಿನ ದೇವರಪುರದಲ್ಲಿ ನಡೆಯುತ್ತದೆ. ಗಂಡಸರು ಹೆಣ್ಣಿನ ವೇಷ ಹಾಕಿ, ಸೋರೆಬುರುಡೆ, ಡಬ್ಬ ಬಡಿಯುತ್ತ, ಬೀದಿಯಲ್ಲಿ ಸಿಕ್ಕವರನ್ನೆಲ್ಲ ಬಾಯಿಗೆ ಬಂದಂತೆ ಬೈದು ಕಾಸು ಕೇಳುತ್ತಾರೆ. ರೀಲ್ಸ್‌ನವರಿಗೆ ಇದು ‘ಕೆಟ್ಟ ಮಾತಿನ ಹಬ್ಬ’. ಕಾರಣ ಏನೆಂದು ಅಲ್ಲಿನವರು ಹೇಳುತ್ತಾರೆ: ಅಯ್ಯಪ್ಪ ದೇವರು ಇವರನ್ನು ಬೇಟೆಗೆ ಕರೆದುಕೊಂಡು ಹೋದ. ದಾರಿಯಲ್ಲಿ ಭದ್ರಕಾಳಿ ಸಿಕ್ಕಳು. ಇವರನ್ನು ಕಾಡಿನ ನಡುವೆ ಬಿಟ್ಟು ಅವಳ ಹಿಂದೆ ಹೊರಟುಹೋದ. ಆ ಸಿಟ್ಟಿಗೆ ವರ್ಷಕ್ಕೊಂದು ದಿನ ದೇವರಿಗೇ ಬೈಗುಳ. ನಂಬಿಸಿ ಕರೆದುಕೊಂಡು ಹೋಗಿ ನಡುವೆ ಕೈಬಿಟ್ಟವನನ್ನು, ಅವನು ದೇವರೇ ಆಗಿರಲಿ, ಮುಖಕ್ಕೆ ಬೈಯುವ ಜನ ಇವರು. ನಮಗೆ ಇದಕ್ಕಿಂತ ನೇರವಾದ ಪತ್ರಿಕೋದ್ಯಮ ಗೊತ್ತಿಲ್ಲ.

‘ಇದೆಲ್ಲ ತಮಾಷೆಗೆ ಮಾಡಿದ ವಿಡಿಯೋ, ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ’ ಎಂದು ನಮ್ಮ ಗೆಳೆಯರೇ ಕೇಳಿದರು. ಯಾಕೆಂದರೆ ಆ ನಾಲ್ಕು ಕಲ್ಲು ಸಾಕ್ಷಿ. ಮಾತಿಗೆ ಹೇಳುತ್ತಿಲ್ಲ, ಕಾನೂನಿನಲ್ಲೇ ಸಾಕ್ಷಿ.

2006ರ ಅರಣ್ಯ ಹಕ್ಕು ಕಾಯ್ದೆ ನಿಮಗೆ ಗೊತ್ತಿರಬಹುದು. 2005ರ ಡಿಸೆಂಬರ್ 13ಕ್ಕಿಂತ ಮೊದಲು ಕಾಡಿನಲ್ಲಿ ನೆಲೆಸಿದ್ದ ಆದಿವಾಸಿಗಳಿಗೆ ಅದು ಹಕ್ಕು ಕೊಡುತ್ತದೆ. ಆ ದಿನಕ್ಕಿಂತ ಮುಂಚೆ ಕಾನೂನು ಮೀರಿ ಒಕ್ಕಲೆಬ್ಬಿಸಿದ, ಪುನರ್ವಸತಿ ಸಿಗದ ಜನರಿಗೂ ಅದರಲ್ಲಿ ಜಾಗವಿದೆ. ಹಕ್ಕು ಸಾಬೀತು ಮಾಡಲು ಪಹಣಿಯೇ ಬೇಕೆಂದಿಲ್ಲ. ನಿಯಮಗಳ 13ನೇ ನಿಯಮ ತೆಗೆದು ಓದಿ. ಹಳೆಯ ಮನೆಯ ಗುರುತು, ಬಾವಿ, ಸ್ಮಶಾನ, ದೇವರ ಜಾಗ, ಹಿರಿಯರು ಹೇಳಿ ಬರೆಸಿದ ಮಾತು, ಎಲ್ಲವೂ ಪುರಾವೆ. ಅಂದರೆ ಆ ಹುಡುಗ ‘ಯಾವುದೋ ಮಾಟದ ಕಲ್ಲು’ ಎಂದು ತೋರಿಸಿದ್ದು ಒಂದು ಮನೆತನದ ಸಮಾಧಿ ಆಗಿದ್ದರೆ, ಅದು ಗ್ರಾಮಸಭೆಯಲ್ಲಿ ಮಂಡಿಸಬೇಕಾದ ದಾಖಲೆ. ಅವನ ಕತೆಯನ್ನು ಲಕ್ಷ ಜನ ನೋಡಿ ನಂಬಿದರೆ, ಅದೇ ಕಲ್ಲು ತೋರಿಸಿ ‘ಇದು ನಮ್ಮ ತಾತನದು’ ಎನ್ನುವ ಮುದುಕಿಯ ಮಾತು ಇನ್ನೊಂದು ಕತೆಯಾಗಿ ಕೇಳಿಸುತ್ತದೆ. ಮೊದಲೇ ಅವಳ ಮಾತಿಗೆ ಕಚೇರಿಯಲ್ಲಿ ಬೆಲೆ ಕಮ್ಮಿ.

2025ರ ಮೇ ತಿಂಗಳಲ್ಲಿ 52 ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಲು ನಿಂತದ್ದು ಸುದ್ದಿಯಾಯಿತು. ಇದು ನಮ್ಮ ಹಿರಿಯರ ನೆಲ ಎಂದು ಅವರು ಹೇಳಿದರು, ಅರಣ್ಯ ಇಲಾಖೆ ಒಪ್ಪಲಿಲ್ಲ. ಆ ವಾದದಲ್ಲಿ ಯಾರು ಗೆಲ್ಲಬೇಕೆಂದು ಇಲ್ಲಿ ತೀರ್ಪು ಬರೆಯುವುದಿಲ್ಲ. ಜಗಳ ಇರುವುದು ‘ಇಲ್ಲಿ ಯಾರಿದ್ದರು’ ಎಂಬ ಒಂದೇ ಪ್ರಶ್ನೆಯ ಮೇಲೆ. ಆ ಪ್ರಶ್ನೆಗೆ ‘ದೆವ್ವ ಇತ್ತು’ ಎಂದು ಉತ್ತರ ಕೊಡುವವನು ತಿಳಿಯದೆಯೇ ಒಂದು ಕಡೆಯ ಸಾಕ್ಷಿ ಹೇಳುತ್ತಿದ್ದಾನೆ.

ಹುಲಿ ಬೇಡವೇ ಎಂದು ಕೇಳುತ್ತೀರಿ. ಬೇಕು. ಕಳ್ಳಬೇಟೆಗೆ ಕಡಿವಾಣ ಬಿದ್ದ ಮೇಲೆ ಈ ಕಾಡಿನಲ್ಲಿ ಹುಲಿ ಮತ್ತೆ ಚೇತರಿಸಿಕೊಂಡದ್ದು ನಿಜ, ಅದಕ್ಕೆ ದುಡಿದ ಕಾವಲುಗಾರರಲ್ಲೂ ಹಾಡಿಯ ಹುಡುಗರು ಎಷ್ಟೋ ಜನ. ಆದರೆ ಹುಲಿಗೋಸ್ಕರ ಎಂದು ಗುಡಿಸಲು ಎಬ್ಬಿಸಿದ ಕಾಡಿನಲ್ಲೇ 1990ರ ದಶಕದಲ್ಲಿ ಐಷಾರಾಮಿ ಹೋಟೆಲ್ ಕಟ್ಟಲು ಹೊರಟರು. ಹಾಡಿಯವರು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಈ ಕತೆಯನ್ನು ರೆಸಾರ್ಟಿನ ಬೆಂಕಿ ಮುಂದೆ ಯಾವ ಗೈಡೂ ಹೇಳಿದ್ದು ನಾವು ಕೇಳಿಲ್ಲ.

ಕಾಡಂಚಿನ ಹಳ್ಳಿಯ ಓದುಗರಲ್ಲಿ ಒಂದು ಕೆಲಸ ಕೇಳುತ್ತೇವೆ. ಇಂಥ ವಿಡಿಯೋ ಬಂದರೆ ಮುಂದಕ್ಕೆ ಕಳಿಸುವ ಮೊದಲು ಮನೆಯ, ಕೇರಿಯ, ಹಾಡಿಯ ಹಿರಿಯರಿಗೆ ತೋರಿಸಿ. ಆ ಜಾಗಕ್ಕೆ ಹೆಸರೇನು, ಯಾರ ಮನೆ ಇತ್ತು, ಬಾವಿ ಎಲ್ಲಿತ್ತು ಎಂದು ಕೇಳಿ, ಮೊಬೈಲಿನಲ್ಲೇ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಕಾಗದದ ಮೇಲೆ ಬರೆದು, ಅವರ ಸಹಿಯೋ ಹೆಬ್ಬೆಟ್ಟೋ ಹಾಕಿಸಿ ಅರಣ್ಯ ಹಕ್ಕು ಸಮಿತಿಗೆ ಕೊಡಿ.

ನಾವು ಹಾಗೇ ಮಾಡಿದೆವು. ಆ ವಿಡಿಯೋ ಹಿಡಿದು ಹುಣಸೂರು ಕಡೆಯ ಒಂದು ಕಾಲೊನಿಗೆ ಹೋದೆವು. ಎಪ್ಪತ್ತು ದಾಟಿದ ಒಬ್ಬ ಅಜ್ಜ ಜಗಲಿ ಮೇಲೆ ಕೂತು ನೋಡಿದರು. ಹೆಂಗಸಿನ ಅಳು ಬಂದಾಗ ಮುಖ ಸಿಂಡರಿಸಿದರು. ಹಲಸಿನ ಮರ ಬಂದಾಗ ಮೊಬೈಲನ್ನು ಕಣ್ಣ ಹತ್ತಿರ ಹಿಡಿದರು.

‘ದೆವ್ವ ಎಲ್ಲೈತೆ ಕಣ್ರಪ್ಪಾ? ಇದು ನಮ್ಮವ್ವನ ಕಲ್ಲು. ಪಕ್ಕದ್ದು ನಮ್ಮ ಚಿಕ್ಕಯ್ಯಂದು. ಈ ಮರದ ಹಣ್ಣು ಬಲು ಸೀ.’

ಮತ್ತೆ ಮೊದಲಿನಿಂದ ಹಾಕಿ ಅಂದರು. ಹಾಕಿದೆವು. ‘ಆ ಸೌಂಡ್ ತೆಗೀರಿ, ಬರೀ ಚಿತ್ರ ಸಾಕು’ ಅಂದರು. ಸದ್ದು ಪೂರ್ತಿ ಇಳಿಸಿದೆವು. ಮೊಮ್ಮಗನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಗೋಡೆ ಬಂದಲ್ಲಿ ನಿಲ್ಲಿಸಲು ಹೇಳಿ, ಬಾವಿ ಇದ್ದದ್ದು ಅದರ ಹಿಂದೆ ಯಾವ ಕಡೆಗೆ ಅಂತ ಬೆರಳಿಟ್ಟು ತೋರಿಸತೊಡಗಿದರು.