ಖಡ್ಗಮೃಗದ ಆರೈಕೆ: ಶುಲ್ಕ ಯಾರದು, ಲೆಕ್ಕ ಎಲ್ಲಿ?

ದಕ್ಷಿಣ ಆಫ್ರಿಕದಲ್ಲಿ ವನ್ಯಜೀವಿ ವೈದ್ಯರೊಡನೆ ಕಾಡಿಗಿಳಿದು ಅವರ ಕಾರ್ಯದಲ್ಲಿ ಕೈಜೋಡಿಸುವ ಪ್ರವಾಸಗಳಿಗೆ ವಿದೇಶೀಯರು ದುಬಾರಿ ಶುಲ್ಕ ತೆರುತ್ತಾರೆ. ಇದನ್ನು ಉಳ್ಳವರ ವಿನೋದವೆಂದು ತಳ್ಳಿಹಾಕುವುದು ಉಚಿತವಲ್ಲ. ಸಮರ್ಪಕ ಬೇಲಿಯೊಳಗಿನ ವನ್ಯಮೃಗಗಳ ಮೇಲೆ ಖಾಸಗಿ ಒಡೆತನವನ್ನು ಅಲ್ಲಿಯ 1991ರ ಕಾಯಿದೆಯು ಮಾನ್ಯಮಾಡಿದೆ. ಒಡೆತನದೊಂದಿಗೆ ವೆಚ್ಚವೂ ಮಾಲೀಕನದೇ. ಆ ದೇಶದಲ್ಲಿ 2014ರಲ್ಲಿ 1,215, 2024ರಲ್ಲಿ 420 ಖಡ್ಗಮೃಗಗಳು ಕಳ್ಳಬೇಟೆಗೆ ಬಲಿಯಾದವು. ಅದನ್ನು ತಡೆಯಲು ಕೊಂಬನ್ನು ಕತ್ತರಿಸಿದರೆ ಉಗುರಿನಂತೆ ಮತ್ತೆ ಬೆಳೆಯುತ್ತದೆ. ಒಂದೂವರೆ-ಎರಡು ವರ್ಷಗಳಿಗೊಮ್ಮೆ ಹೆಲಿಕಾಪ್ಟರ್, ಅರಿವಳಿಕೆ, ವೈದ್ಯರ ಸಂಭಾವನೆ ಎಲ್ಲವೂ ಪುನಃ ಬೇಕು. ಅಂತರರಾಷ್ಟ್ರೀಯ ವ್ಯಾಪಾರವು 1977ರಿಂದ ನಿಷಿದ್ಧವಾದ್ದರಿಂದ, ಕತ್ತರಿಸಿದ ಕೊಂಬು ಬಹುಮಟ್ಟಿಗೆ ವರಮಾನ ತಾರದ ದಾಸ್ತಾನು. ಅದಕ್ಕೂ ಕಾವಲು ಬೇಕು! ಇಂತಹ ವೆಚ್ಚಕ್ಕೆ ಪ್ರವಾಸಿಗನ ಶುಲ್ಕ ಒದಗಿಬಂದರೆ ತಪ್ಪೇನು?

ಆದರೆ ಆಕ್ಷೇಪಕ್ಕೂ ಆಧಾರವುಂಟು. ಎಟಾರ್ಫಿನ್ ಮದ್ದು ತಗುಲಿದ ಖಡ್ಗಮೃಗದ ಉಸಿರಾಟ ಕುಂದುತ್ತದೆ. ಪ್ರತಿಬಾರಿಯೂ ಪ್ರಾಣಾಪಾಯ ಇದ್ದೇ ಇದೆ. ಹಿಂದೆ ‘ಹಸಿರು ಬೇಟೆ’ಯ ಹೆಸರಿನಲ್ಲಿ, ಗಿರಾಕಿಯ ಛಾಯಾಚಿತ್ರಕ್ಕಾಗಿ ಒಂದೇ ಮೃಗಕ್ಕೆ ಪದೇ ಪದೇ ಮದ್ದು ಹೊಡೆಯಲಾಗುತ್ತಿದೆಯೆಂಬ ದೂರುಗಳಿದ್ದವು. ಚಿಕಿತ್ಸೆಯ ದಿನವನ್ನು ಮೃಗದ ಅಗತ್ಯ ನೋಡಿ ಗೊತ್ತುಮಾಡಬೇಕೇ ಹೊರತು ಪ್ರವಾಸಿಗರ ಮುಂಗಡ ನೋಡಿ ಅಲ್ಲ. ಹಣ ತೆರುವವರು ಪ್ರಮಾಣಪತ್ರದಿಂದ ತೃಪ್ತರಾಗದೆ ಎರಡು ಲೆಕ್ಕಗಳನ್ನು ಕೇಳಲಿ: ಶುಲ್ಕದಲ್ಲಿ ಚಿಕಿತ್ಸೆಗೆ ಸಂದದ್ದೆಷ್ಟು? ಇದೇ ಮೃಗಕ್ಕೆ ಹಿಂದಿನ ಅರಿವಳಿಕೆ ಕೊಟ್ಟದ್ದು ಯಾವಾಗ?