ದಾನವಲ್ಲ, ತಪ್ಪುದಂಡ

2018ರ ಫೆಬ್ರುವರಿಯಲ್ಲಿ ಇರಾಕ್ ಸರ್ಕಾರ ಕುವೈತಿಗೆ ಹೋಗಿ ಜಗತ್ತಿನ ಮುಂದೆ ಸೆರಗೊಡ್ಡಿ ನಿಂತಿತು. ಐಎಸ್ ಉಗ್ರರ ವಿರುದ್ಧದ ಕಾಳಗದಲ್ಲಿ ಮೊಸುಲ್‌ನ ಹಳೆಯ ಪೇಟೆ ಕಲ್ಲುಮಣ್ಣಿನ ರಾಶಿಯಾಗಿತ್ತು. ದೇಶವನ್ನು ಮತ್ತೆ ಕಟ್ಟಲು 88 ಶತಕೋಟಿ ಡಾಲರ್ ಬೇಕೆಂದು ಇರಾಕಿನ ಮಂತ್ರಿಗಳು ಲೆಕ್ಕ ಮುಂದಿಟ್ಟರು. ಅಲ್ಲಿನ ದಾನಿಗಳ ಸಮ್ಮೇಳನ ಮುಗಿದಾಗ ಸಿಕ್ಕಿದ್ದು ಸುಮಾರು 30 ಶತಕೋಟಿಯ ಭರವಸೆ. ಅದರಲ್ಲೂ ಬಹುಪಾಲು ಸಾಲ, ಇಲ್ಲವೇ ಸಾಲಕ್ಕೆ ಖಾತರಿ. 2003ರಲ್ಲಿ ಆ ದೇಶದ ಮೇಲೆ ದಂಡೆತ್ತಿ ಹೋಗಿದ್ದ ಅಮೆರಿಕ ಅಲ್ಲಿ ಘೋಷಿಸಿದ್ದು ಸುಮಾರು 3 ಶತಕೋಟಿ ಡಾಲರ್‌ಗಳ ಸಾಲ ಸೌಲಭ್ಯವನ್ನು ಮಾತ್ರ.

ಸುಮಾರು ಎರಡು ತಿಂಗಳಿಗೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ಕೈಯೊಡ್ಡಿದ್ದ ಇರಾಕ್ ಅದೇ ಕುವೈತಿಗೆ ನಡುವೆ ನಿಂತಿದ್ದ ಯುದ್ಧ ಪರಿಹಾರದ ಕಂತುಗಳನ್ನು ಮತ್ತೆ ಕಟ್ಟತೊಡಗಿತು. 1990ರಲ್ಲಿ ಸದ್ದಾಂ ಹುಸೇನ್ ಕುವೈತನ್ನು ಆಕ್ರಮಿಸಿದ್ದಕ್ಕೆ ಹಾಕಿದ ದಂಡ ಅದು. ಮರುವರ್ಷ ಭದ್ರತಾ ಮಂಡಳಿ ತನ್ನ 687ನೇ ನಿರ್ಣಯದಲ್ಲಿ ನಷ್ಟಕ್ಕೆಲ್ಲ ಇರಾಕೇ ಹೊಣೆ ಎಂದು ಹೇಳಿ, ಜಿನೀವಾದಲ್ಲಿ ಪರಿಹಾರ ಆಯೋಗವನ್ನು ಕೂರಿಸಿತು. ಇರಾಕಿನ ತೈಲದ ಆದಾಯದಿಂದ ಹಣವನ್ನು ನೇರವಾಗಿ ಮುರಿದುಕೊಳ್ಳಲಾಯಿತು. ದಿಗ್ಬಂಧನದಲ್ಲಿ ಇರಾಕಿನ ಮಕ್ಕಳಿಗೆ ಔಷಧ ಸಿಗದ ದಿನಗಳಲ್ಲೂ ಅದು ನಿಲ್ಲಲಿಲ್ಲ. ಒಟ್ಟು 52.4 ಶತಕೋಟಿ ಡಾಲರ್ ಕಟ್ಟಿ ಇರಾಕ್ ಆ ಋಣ ಹರಿದುಕೊಂಡಾಗ 2022ರ ಜನವರಿ ಬಂದಿತ್ತು.

ಆ ಪರಿಹಾರವನ್ನು ನಾನು ತಪ್ಪೆನ್ನುವುದಿಲ್ಲ. 1990ರಲ್ಲಿ ಕುವೈತಿನಿಂದ ಉಟ್ಟ ಬಟ್ಟೆಯಲ್ಲಿ ಹೊರಟು, ಮರುಭೂಮಿ ದಾಟಿ, ಅಮ್ಮಾನ್‌ನಲ್ಲಿ ಏರ್ ಇಂಡಿಯಾ ವಿಮಾನ ಹತ್ತಿ ಊರು ಸೇರಿದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ಅವಿಭಜಿತ ದಕ್ಷಿಣ ಕನ್ನಡದ ಜನರೂ ಇದ್ದರು. ನೌಕರಿ, ಉಳಿತಾಯ, ಮನೆಸಾಮಾನು ಎಲ್ಲವನ್ನೂ ಬಿಟ್ಟುಬಂದ ಭಾರತೀಯರಿಗೂ ಆ ಆಯೋಗದ ಹಣ ಬಂತು. ಅವರಿಗದು ನ್ಯಾಯವಾಗಿ ಸಲ್ಲಬೇಕಾದದ್ದೇ. ಕೆಡವಿದವನು ನಷ್ಟ ತುಂಬಿಕೊಡಬೇಕು ಎಂಬ ನಿಯಮ ಬರೀ ಆದರ್ಶವಲ್ಲ, ನಡೆಸಿ ತೋರಿಸಬಹುದಾದದ್ದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಸಾಕ್ಷಿ ಸಿಗುತ್ತದೆ.

ನನ್ನ ತಕರಾರು ಇಷ್ಟೇ: ಆ ನಿಯಮ ಸೋತವನಿಗೆ ಮಾತ್ರ ಏಕೆ? ಒಬ್ಬನ ದನ ಇನ್ನೊಬ್ಬನ ಹೊಲಕ್ಕೆ ನುಗ್ಗಿ ಪೈರು ಮೇಯ್ದರೆ ದನದ ಒಡೆಯ ತಪ್ಪುದಂಡ ಕಟ್ಟಬೇಕು. ಊರವರೆಲ್ಲ ವಂತಿಗೆ ಎತ್ತಿ, ಆ ವಂತಿಗೆಗೆ ದನದ ಒಡೆಯನೂ ನಾಲ್ಕು ಕಾಸು ಹಾಕಿ ದಾನಿಗಳ ಪಟ್ಟಿಯಲ್ಲಿ ಮೊದಲ ಹೆಸರು ಬರೆಸಿಕೊಂಡರೆ ಯಾವ ಪಂಚಾಯಿತಿಯೂ ಒಪ್ಪುವುದಿಲ್ಲ. ಯುದ್ಧದಲ್ಲಿ ನುಚ್ಚುನೂರಾದ ದೇಶಗಳ ವಿಷಯದಲ್ಲಿ ಮಾತ್ರ ಜಗತ್ತು ಇದನ್ನು ಒಪ್ಪಿಕೊಂಡು ಕೂತಿದೆ. ಅದಕ್ಕೆ 'ದಾನಿ ರಾಷ್ಟ್ರಗಳ ಸಮ್ಮೇಳನ' ಎಂಬ ಗೌರವದ ಹೆಸರನ್ನೂ ಕೊಟ್ಟಿದೆ.

2003ರ ಇರಾಕಿನಲ್ಲಿ ನಡೆದದ್ದು ಇದೇ. ಯುದ್ಧ ಶುರುವಾಗಿ ಒಂದು ವಾರವಾದಾಗ ಅಮೆರಿಕದ ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೋವಿಟ್ಜ್, ಇರಾಕ್ ತನ್ನ ತೈಲದ ಹಣದಲ್ಲೇ ಬೇಗ ತನ್ನನ್ನು ಕಟ್ಟಿಕೊಳ್ಳಬಲ್ಲದು ಎಂದು ಅಲ್ಲಿನ ಸಂಸದರಿಗೆ ಹೇಳಿದರು. ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್ ಏಪ್ರಿಲ್‌ನಲ್ಲಿ ಟಿ.ವಿ.ಯಲ್ಲಿ ಕೂತು, ಅಮೆರಿಕದ ಪಾಲು 1.7 ಶತಕೋಟಿ ಡಾಲರ್ ದಾಟುವುದಿಲ್ಲ ಎಂದರು. ಆರು ತಿಂಗಳಲ್ಲಿ ಎರಡೂ ಮಾತು ಸುಳ್ಳಾದವು. ವಿಶ್ವಸಂಸ್ಥೆ, ವಿಶ್ವಬ್ಯಾಂಕ್ ಮತ್ತು ಅಮೆರಿಕದ ಆಡಳಿತ ಸೇರಿ ಹಾಕಿದ ಲೆಕ್ಕ ಸುಮಾರು 55 ಶತಕೋಟಿಗೆ ಬಂದು ನಿಂತಿತು.

ಆಗ ಶುರುವಾಯಿತು ರಾಯಭಾರಿಗಳ ಓಡಾಟ. ಯುದ್ಧಕ್ಕೆ ಮುಂಚೆ ಯಾರ ಮಾತಿಗೆ ಕಿವಿಗೊಡಲಿಲ್ಲವೋ ಅವರ ಬಾಗಿಲನ್ನೇ ತಟ್ಟಬೇಕಾಯಿತು. ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು ಅದರ ಮುಖ್ಯಸ್ಥ ಸೆರ್ಜಿಯೊ ವಿಯೆರಾ ಡಿ ಮೆಲೊ ಸೇರಿ 22 ಮಂದಿ ಸತ್ತಿದ್ದರು. ತಾವು ಮಾಡದ ಯುದ್ಧಕ್ಕೆ ಜೀವ ತೆತ್ತವರು ಅವರು. ಅಕ್ಟೋಬರ್ 16ರಂದು ಭದ್ರತಾ ಮಂಡಳಿಯಲ್ಲಿ, ಇರಾಕಿಗೆ ನೆರವಾಗಿ ಎಂದು ದೇಶಗಳನ್ನು ಕೋರುವ 1511ನೇ ನಿರ್ಣಯ ಪಾಸಾಯಿತು. ಅದಾದ ಒಂದು ವಾರಕ್ಕೆ ಮ್ಯಾಡ್ರಿಡ್‌ನಲ್ಲಿ ದಾನಿಗಳು ಸೇರಿದರು. ಒಟ್ಟು 33 ಶತಕೋಟಿ ಡಾಲರ್ ಎಂದು ಪತ್ರಿಕೆಗಳು ದಪ್ಪ ಅಕ್ಷರದಲ್ಲಿ ಬರೆದವು. ಅದರಲ್ಲಿ ಅಮೆರಿಕದ ಸುಮಾರು 20 ಶತಕೋಟಿ ಕಳೆದರೆ ಉಳಿದವರದು 13. ಆ 13ರಲ್ಲೂ ಹೆಚ್ಚಿನದು ಸಾಲ. ಬೇರೆಯವರು ಕೆಡವಿದ್ದನ್ನು ಇರಾಕಿನ ಜನ ಸಾಲ ಮಾಡಿ ಕಟ್ಟಿಕೊಳ್ಳಬೇಕಿತ್ತು.

ಹಣ ಕೊಡಿ ಎಂದು ಕೇಳಿದವರು ಅಧಿಕಾರದಲ್ಲಿ ಪಾಲು ಕೊಡಲು ತಯಾರಿರಲಿಲ್ಲ. ಬಾಗ್ದಾದಿನಲ್ಲಿ ಕೂತಿದ್ದ ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ 39ನೇ ಆದೇಶ, ತೈಲದಂಥ ನೈಸರ್ಗಿಕ ಸಂಪತ್ತು ಮತ್ತು ಬ್ಯಾಂಕುಗಳನ್ನು ಬಿಟ್ಟು ಮಿಕ್ಕ ಉದ್ಯಮಗಳಲ್ಲಿ ವಿದೇಶಿಯರಿಗೆ ನೂರಕ್ಕೆ ನೂರು ಒಡೆತನದ ಬಾಗಿಲು ತೆರೆಯಿತು. ಒಬ್ಬ ಇರಾಕಿ ಮತದಾರನ ಒಪ್ಪಿಗೆಯೂ ಅದಕ್ಕಿರಲಿಲ್ಲ. ಡಿಸೆಂಬರ್ 5ರಂದು ವುಲ್ಫೋವಿಟ್ಜ್ ಸಹಿ ಹಾಕಿದ ಟಿಪ್ಪಣಿ 18.6 ಶತಕೋಟಿ ಡಾಲರ್‌ಗಳ ಮುಖ್ಯ ಗುತ್ತಿಗೆಗಳಿಂದ ಫ್ರಾನ್ಸ್, ಜರ್ಮನಿ, ರಷ್ಯಾಗಳನ್ನು ಹೊರಗಿಟ್ಟಿತು. ಯುದ್ಧ ಬೇಡವೆಂದದ್ದೇ ಅವರ ತಪ್ಪು. ಅದೇ ವಾರ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರನ್ನು ಅಧ್ಯಕ್ಷ ಬುಷ್ ಪ್ಯಾರಿಸ್, ಬರ್ಲಿನ್, ಮಾಸ್ಕೋಗಳಿಗೆ ಅಟ್ಟಲು ನೇಮಿಸಿದರು. ಇರಾಕಿನ ಹಳೆಯ ಸಾಲ ಮನ್ನಾ ಮಾಡಿ ಎಂದು ಆ ದೇಶಗಳನ್ನು ಕೇಳುವುದು ಬೇಕರ್ ಅವರ ಕೆಲಸ. ಕೆಲಸ ನಿಮಗಿಲ್ಲ, ಸಾಲ ಮಾತ್ರ ಬಿಟ್ಟುಬಿಡಿ ಎಂದಂತಾಯಿತು. ಆದರೂ 2004ರ ನವೆಂಬರ್‌ನಲ್ಲಿ ಪ್ಯಾರಿಸ್ ಕ್ಲಬ್ ಎಂಬ ಸಾಲದಾತ ಕೂಟದ ದೇಶಗಳು ತಮಗೆ ಬರಬೇಕಿದ್ದ ಸುಮಾರು 39 ಶತಕೋಟಿಯಲ್ಲಿ ಶೇ 80ರಷ್ಟನ್ನು ಬಿಟ್ಟುಕೊಡಲು ಒಪ್ಪಿದವು. ಆ ಇಡೀ ಪ್ರಯತ್ನದಲ್ಲಿ ಇರಾಕಿಗೆ ನಿಜವಾಗಿ ಉಪಕಾರವಾದ ಕೆಲಸ ಇದೊಂದೇ ಎಂದು ನಾನು ತಿಳಿದಿದ್ದೇನೆ. ಅದರಲ್ಲಿ ದೊಡ್ಡ ಪಾಲು ಯುದ್ಧ ಬೇಡವೆಂದಿದ್ದ ದೇಶಗಳದ್ದು.

ಖರ್ಚಾದ ಹಣದ ಕಥೆ ಇನ್ನೂ ನೋವಿನದು. ಅಮೆರಿಕವೇ ನೇಮಿಸಿದ ವಿಶೇಷ ಲೆಕ್ಕಪರಿಶೋಧಕ ಸ್ಟುವರ್ಟ್ ಬೋವೆನ್ 2005ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ 8.8 ಶತಕೋಟಿ ಡಾಲರ್‌ಗಳಿಗೆ ಸರಿಯಾದ ಲೆಕ್ಕವಿರಲಿಲ್ಲ. ಅದು ಯಾರ ದಾನವೂ ಅಲ್ಲ, ತೈಲ ಮಾರಿ ಬಂದ ಇರಾಕಿಗಳದೇ ಹಣ. ನೂರು ಡಾಲರಿನ ನೋಟುಗಳ ಕಂತೆಗಳನ್ನು ವಿಮಾನಗಳಲ್ಲಿ ತುಂಬಿ ಬಾಗ್ದಾದಿಗೆ ತಂದು ಹಂಚಲಾಗಿತ್ತು. 2013ರಲ್ಲಿ ಬೋವೆನ್ ಬರೆದ ಕೊನೆಯ ವರದಿ, ಅಮೆರಿಕ ಖರ್ಚು ಮಾಡಿದ 60 ಶತಕೋಟಿಯಲ್ಲಿ ಕನಿಷ್ಠ 8 ಶತಕೋಟಿ ಪೋಲಾಯಿತು ಎಂದಿತು. ಬಾಗ್ದಾದಿನ ಉತ್ತರಕ್ಕೆ ಖಾನ್ ಬನಿ ಸಾದ್ ಎಂಬಲ್ಲಿ 4 ಕೋಟಿ ಡಾಲರ್ ಸುರಿದು ಶುರು ಮಾಡಿದ ಜೈಲೊಂದು ಅರ್ಧಕ್ಕೇ ನಿಂತು ಪಾಳುಬಿತ್ತು. ಒಬ್ಬ ಕೈದಿಯೂ ಅದರೊಳಗೆ ಹೋಗಲಿಲ್ಲ. ಅಮೆರಿಕದ ಈ 60 ಶತಕೋಟಿ ದಾನದ ಹಣವಾದ್ದರಿಂದ ಅದರ ಲೆಕ್ಕ ಕೇಳುವ ಹಕ್ಕು ಇರಾಕಿಗಳಿಗೆ ಇರಲಿಲ್ಲ. ಪರಿಹಾರದ ಹಣವಾಗಿದ್ದರೆ ಅವರು ಫಿರ್ಯಾದುದಾರರಾಗಿ ಕೂತು ಪೈಸೆಪೈಸೆಗೂ ರಸೀದಿ ಕೇಳುತ್ತಿದ್ದರು. ದಾನಕ್ಕೂ ದಂಡಕ್ಕೂ ಇರುವ ಅಂತರ ಹೆಸರಿನದಷ್ಟೇ ಅಲ್ಲ.

2003ರಲ್ಲಿ ದೆಹಲಿಯಲ್ಲೂ ಬಿಸಿಬಿಸಿ ಚರ್ಚೆ ನಡೆಯಿತು. ಏಪ್ರಿಲ್‌ನಲ್ಲಿ ಸಂಸತ್ತು ದಾಳಿಯನ್ನು ಒಕ್ಕೊರಲಿನಿಂದ ಖಂಡಿಸಿತ್ತು. ಆಮೇಲೆ ಅಮೆರಿಕ ನಮ್ಮಿಂದ ಸುಮಾರು 17 ಸಾವಿರ ಸೈನಿಕರ ಒಂದು ಡಿವಿಷನ್ ಕೇಳಿತು. ಕಳಿಸಿದರೆ ಪುನರ್ನಿರ್ಮಾಣದ ಗುತ್ತಿಗೆಗಳಲ್ಲಿ ಪಾಲು ಸಿಗುತ್ತದೆ, ಇಲ್ಲವಾದರೆ ಕೈತಪ್ಪುತ್ತದೆ ಎಂದು ವಾದಿಸಿದ ಗಣ್ಯರು ಕಡಿಮೆಯಿರಲಿಲ್ಲ. ಜುಲೈ 14ರಂದು ವಾಜಪೇಯಿ ಸರ್ಕಾರ ಆಗುವುದಿಲ್ಲ ಎಂದಿತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೇನೆ ಹೋಗದು ಎಂಬ ಆ ತೀರ್ಮಾನವನ್ನು ನಮ್ಮ ವಿದೇಶಾಂಗ ನೀತಿಯ ಒಳ್ಳೆಯ ದಿನಗಳಲ್ಲಿ ಒಂದೆಂದು ಎಣಿಸುತ್ತೇನೆ.

ನನ್ನ ವಾದಕ್ಕೆ ಎರಡು ಮರುಮಾತು ಬರುತ್ತವೆ. ಸದ್ದಾಂ ಕ್ರೂರಿಯಾಗಿದ್ದ ಎಂಬುದು ಮೊದಲನೆಯದು. ನಿಜ, ಹಲಬ್ಜಾದ ಕುರ್ದರ ಮೇಲೆ ವಿಷಾನಿಲ ಸುರಿಸಿದವನ ಪರ ಯಾರು ನಿಲ್ಲುತ್ತಾರೆ? ಆದರೆ ಇಲ್ಲದ ಅಸ್ತ್ರಗಳ ನೆಪದಲ್ಲಿ, ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಮಾಡಿದ ದಾಳಿಗೆ ಅವನ ಕ್ರೌರ್ಯ ರಸೀದಿಯಾಗದು. ಎರಡನೆಯದು ಹೆಚ್ಚು ಗಂಭೀರವಾದದ್ದು: ಬಲಾಢ್ಯರು ದಂಡ ಕಟ್ಟುವುದಿಲ್ಲ, ಅವರಿಗಾಗಿ ಕಾದರೆ ಊರಿಗೆ ಕುಡಿಯುವ ನೀರೂ ಬಾರದು. ಒಪ್ಪುತ್ತೇನೆ. ನೀರು ಮೊದಲು ಬರಲಿ, ಆಸ್ಪತ್ರೆಯ ಬಾಗಿಲು ಮೊದಲು ತೆರೆಯಲಿ, ಹಣ ಯಾರದೇ ಇರಲಿ. ಆದರೆ ಕೊಟ್ಟ ಹಣ ಕೆಡವಿದವನ ಖಾತೆಯಲ್ಲಿ ಬಾಕಿಯೆಂದು ಏರಬೇಕು. ನಷ್ಟದ ವಹಿ ಮೊದಲ ದಿನವೇ ತೆರೆಯಬೇಕು.

ಇದು ಆಗದ ಮಾತಲ್ಲ. ಉಕ್ರೇನಿನ ವಿಷಯದಲ್ಲಿ ಆಗುತ್ತಿದೆ. ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಆಸ್ತಿಯನ್ನು ಪಾಶ್ಚಾತ್ಯ ಮತ್ತು ಅವುಗಳ ಮಿತ್ರ ದೇಶಗಳು ತಡೆಹಿಡಿದಿವೆ. ಅದರಿಂದ ಬರುವ ಲಾಭದ ಆಧಾರದ ಮೇಲೆ ಉಕ್ರೇನಿಗೆ 50 ಶತಕೋಟಿ ಸಾಲ ಕೊಡಲು ಜಿ-7 ದೇಶಗಳು 2024ರಲ್ಲಿ ಒಪ್ಪಿದವು. ಯುರೋಪ್ ಮಂಡಳಿ 2023ರಲ್ಲೇ ಹೇಗ್ ನಗರದಲ್ಲಿ ನಷ್ಟದ ದಾಖಲೆ ಪುಸ್ತಕ ತೆರೆದಿದೆ. ಇದು ಸರಿಯಾದ ದಾರಿ. ಆಕ್ರಮಣಕಾರನೇ ಕೊಡಬೇಕು ಎಂದು ಅಲ್ಲಿ ಗಟ್ಟಿಯಾಗಿ ಹೇಳಿದ ಅಮೆರಿಕ, ಬ್ರಿಟನ್‌ಗಳು 2003ರ ಇರಾಕಿನ ವಿಷಯದಲ್ಲಿ ಆ ಮಾತನ್ನು ಒಮ್ಮೆಯೂ ಆಡಲಿಲ್ಲ.

ನಮ್ಮ ದೇಶವೂ ಇಲ್ಲಿ ತಪ್ಪಿದೆ. 2022ರ ನವೆಂಬರ್ 14ರಂದು, ಉಕ್ರೇನಿಗೆ ರಷ್ಯಾ ಪರಿಹಾರ ಕೊಡಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಸಾಮಾನ್ಯ ಸಭೆಗೆ ಬಂದಾಗ 94 ದೇಶಗಳು ಪರ ನಿಂತವು, 14 ವಿರೋಧಿಸಿದವು, 73 ದೂರ ಉಳಿದವು. ದೂರ ಉಳಿದವರಲ್ಲಿ ಭಾರತವಿತ್ತು. ಇಂಥ ಪ್ರಕ್ರಿಯೆಗೆ ಕಾನೂನಿನ ಆಧಾರ ಸ್ಪಷ್ಟವಿಲ್ಲ ಎಂಬುದು ನಮ್ಮ ವಾದವಾಗಿತ್ತು. ಕುವೈತಿನ ಪರಿಹಾರ ಪಡೆದ ದೇಶ ಈ ಮಾತು ಹೇಳಬಾರದಿತ್ತು.

ಈಗ ಗಾಜಾ. 2014ರ ಅಕ್ಟೋಬರ್‌ನಲ್ಲಿ ಕೈರೋದಲ್ಲಿ ದಾನಿಗಳು ಸೇರಿ 5.4 ಶತಕೋಟಿ ಡಾಲರ್‌ಗಳ ಭರವಸೆ ಕೊಟ್ಟಿದ್ದರು. ಅದರಲ್ಲಿ ಅರ್ಧದಷ್ಟು ಗಾಜಾಕ್ಕೆಂದು. ಆಗ ಕಟ್ಟಿದ್ದರಲ್ಲಿ ಬಹಳಷ್ಟು ಇಂದು ಮತ್ತೆ ಮಣ್ಣಾಗಿದೆ. 2025ರ ಫೆಬ್ರುವರಿಯಲ್ಲಿ ವಿಶ್ವಬ್ಯಾಂಕ್, ಐರೋಪ್ಯ ಒಕ್ಕೂಟ, ವಿಶ್ವಸಂಸ್ಥೆ ಸೇರಿ ಹಾಕಿದ ಹೊಸ ಲೆಕ್ಕ 53 ಶತಕೋಟಿ. ಅದೇ ವರ್ಷದ ನವೆಂಬರ್ 17ರಂದು ಭದ್ರತಾ ಮಂಡಳಿ ಅಂಗೀಕರಿಸಿದ 2803ನೇ ನಿರ್ಣಯ, ಆಡಳಿತಕ್ಕೆ ಅಮೆರಿಕದ ಅಧ್ಯಕ್ಷರ ನೇತೃತ್ವದ ಮಂಡಳಿಯನ್ನೂ ಹಣಕ್ಕೆ ಸ್ವಯಂಪ್ರೇರಿತ ದೇಣಿಗೆಯನ್ನೂ ಸೂಚಿಸಿತು. ಕೆಡವಿದವರು ಎಷ್ಟು ಕೊಡಬೇಕು ಎಂಬ ಮಾತು ಅದರಲ್ಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ಕೈಯಲ್ಲಿ ಸತ್ತ ಇಸ್ರೇಲಿಗಳ ಕುಟುಂಬಗಳಿಗೂ ನಷ್ಟದ ವಹಿಯಲ್ಲಿ ಪುಟವಿರಬೇಕು. ಮನೆ, ಶಾಲೆ, ಬಾವಿ ಕಳೆದುಕೊಂಡ ಗಾಜಾದ ಪ್ರತಿ ಕುಟುಂಬಕ್ಕೂ ಇರಬೇಕು.

ಗಾಜಾ ಕಟ್ಟಲು ದೆಹಲಿಗೆ ಕರೆ ಬಂದಾಗ ನಮ್ಮವರು ಹೋಗಲಿ, ವೈದ್ಯರನ್ನೂ ಎಂಜಿನಿಯರುಗಳನ್ನೂ ಧಾರಾಳವಾಗಿ ಕಳಿಸಲಿ. ಆದರೆ ದೇಣಿಗೆಯ ಅಂಕಿ ಹೇಳುವ ಮುಂಚೆ ನಷ್ಟದ ದಾಖಲೆ ಪುಸ್ತಕ ಎಲ್ಲಿ ಎಂದು ಕೇಳಲಿ. ಅದು ಇಲ್ಲವೆಂದಾದರೆ ಸಾಮಾನ್ಯ ಸಭೆಯಲ್ಲಿ ಅದನ್ನು ತೆರೆಯುವ ನಿರ್ಣಯವನ್ನು ಭಾರತವೇ ಮಂಡಿಸಲಿ, ಉಕ್ರೇನಿನ ಪರಿಹಾರದ ಮತ ಮತ್ತೆ ಬಂದಾಗಲೂ ಈ ಸಲ ಹೌದು ಎನ್ನಲಿ.